ಅಪ್ಪನ ಕಿಡ್ನಿ ರಿಪೋರ್ಟಿನಲ್ಲಿ ‘ಕ್ರೋಮೋಫೋಬ್’ ಅಂತಿದೆ. ಗ್ರೇಡ್ ಬರೆದಿಲ್ಲ, ಕೀಮೋನೂ ಬೇಡವಂತೆ. ಯಾಕೆ?

ನಿಮ್ಮ ತಂದೆಗೆ 58 ವರ್ಷ, 6 ಸೆಂ.ಮೀ. ಗಡ್ಡೆ ಇತ್ತೆಂದು ಎಡ ಕಿಡ್ನಿ ತೆಗೆದಿದ್ದಾರೆ, ಈಗ ಯಾವ ಔಷಧಿಯನ್ನೂ ಕೊಡ್ತಿಲ್ಲ ಅಂತ ಬರೆದಿದ್ದೀರಿ. ಡಾಕ್ಟರು ಕೈಬಿಟ್ಟರಾ ಅನ್ನೋದು ನಿಮ್ಮ ಭಯ. ಖಂಡಿತ ಇಲ್ಲ. ನಾನು ಪೆಥಾಲಜಿಸ್ಟ್, ಇಂಥ ಸ್ಲೈಡುಗಳನ್ನು ನೋಡೋದೇ ನನ್ನ ಕೆಲಸ.

ಕಿಡ್ನಿ ಕ್ಯಾನ್ಸರಿನಲ್ಲಿ ಜಾಸ್ತಿ ಕಾಣೋದು ಕ್ಲಿಯರ್ ಸೆಲ್ ಬಗೆ. ಕ್ರೋಮೋಫೋಬ್ ಸುಮಾರು ಶೇ 5ರಷ್ಟು ಮಾತ್ರ. ಆದರೆ ಅಪರೂಪದ್ದೆಲ್ಲ ಕೆಟ್ಟದ್ದಲ್ಲ. ಇದು ಕ್ಲಿಯರ್ ಸೆಲ್‌ಗಿಂತ ಸೌಮ್ಯ. ಕಿಡ್ನಿಯೊಳಗೇ ಇದ್ದಾಗ ತೆಗೆದರೆ ಬಹುಪಾಲು ಜನರಿಗೆ ಮತ್ತೆ ಬರಲ್ಲ.

ಗ್ರೇಡ್, ಅಂದರೆ ಕ್ಯಾನ್ಸರ್ ಎಷ್ಟು ಉಗ್ರ ಅಂತ ಹೇಳುವ ಅಂಕಿ, ಮರೆತು ಬಿಟ್ಟಿದ್ದಲ್ಲ. ಮೈಕ್ರೋಸ್ಕೋಪಿನಲ್ಲಿ ಈ ಜೀವಕೋಶಗಳು ದೊಡ್ಡದಾಗಿ, ಅಂಚು ಗೆರೆ ಎಳೆದ ಹಾಗೆ ಎದ್ದು ಕಾಣುತ್ತವೆ. ನಡುವಿನ ನ್ಯೂಕ್ಲಿಯಸ್ ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿರುತ್ತದೆ, ಅದರ ಸುತ್ತ ಬಿಳಿ ಬಳೆ. ಕಿಡ್ನಿ ಕ್ಯಾನ್ಸರಿನ ಗ್ರೇಡ್ ನಿಂತಿರೋದೇ ನ್ಯೂಕ್ಲಿಯಸ್ಸಿನ ರೂಪದ ಮೇಲೆ. ಇಲ್ಲಿ ಅದು ಹುಟ್ಟಿನಿಂದಲೇ ವಿಕಾರ. ಗ್ರೇಡ್ ಕೊಟ್ಟರೆ ಸೌಮ್ಯವಾದದ್ದೂ ಭಯಂಕರ ಅಂತ ಕಾಣುತ್ತದೆ. ಅದಕ್ಕೇ ಕೊಡಬಾರದೆಂಬ ನಿಯಮವಿದೆ. ನೀವು ರಿಪೋರ್ಟಿನಲ್ಲಿ ಹುಡುಕಬೇಕಾದ್ದು ಬೇರೆ: ‘ಸಾರ್ಕೊಮಟಾಯ್ಡ್’ (ಜೀವಕೋಶಗಳು ಉಗ್ರ ರೂಪಕ್ಕೆ ತಿರುಗಿರೋದು) ಅನ್ನೋ ಪದ ಇದೆಯಾ, ನೆಕ್ರೋಸಿಸ್ (ಗಡ್ಡೆಯ ಭಾಗ ಸತ್ತಿರೋದು) ಇದೆಯಾ, ಗಡ್ಡೆ ಕಿಡ್ನಿಯ ಹೊರಗಿನ ಕೊಬ್ಬಿಗೋ ರಕ್ತನಾಳಕ್ಕೋ ನುಗ್ಗಿದೆಯಾ. ಇದ್ಯಾವುದೂ ಇಲ್ಲದೆ pT1b (ಗಡ್ಡೆ 4ರಿಂದ 7 ಸೆಂ.ಮೀ., ಕಿಡ್ನಿಯೊಳಗೇ ಇದೆ) ಅಂತಿದ್ದರೆ ಅದು ಒಳ್ಳೆಯ ಸುದ್ದಿ.

ಮಾಮೂಲಿ ಕೀಮೋ ಈ ಕ್ಯಾನ್ಸರಿಗೆ ಅಷ್ಟಾಗಿ ನಾಟುವುದಿಲ್ಲ. ಆಪರೇಷನ್ ಆದ ಮೇಲೆ ಕೊಡುವ ಪೆಂಬ್ರೊಲಿಜುಮ್ಯಾಬ್ ಅನ್ನೋ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರಿನ ವಿರುದ್ಧ ಎಬ್ಬಿಸುವ) ಔಷಧಿ ಪ್ರಯೋಗದಲ್ಲಿ ಗೆದ್ದದ್ದು ಕ್ಲಿಯರ್ ಸೆಲ್ ರೋಗಿಗಳಲ್ಲಿ. ನಿಮ್ಮ ತಂದೆಗೆ ಆಪರೇಷನ್ನೇ ಚಿಕಿತ್ಸೆ. ಸುಮ್ನೆ ಲಕ್ಷಗಟ್ಟಲೆ ಸುರಿಯಬೇಡಿ, ದಯವಿಟ್ಟು. ಆದರೆ ಡಾಕ್ಟರು ಹೇಳಿದ ಸ್ಕ್ಯಾನ್‌ಗಳನ್ನು ತಪ್ಪಿಸಬೇಡಿ. ಕೆಲವರಲ್ಲಿ ವರ್ಷಗಳ ನಂತರ ಲಿವರಿಗೋ ಶ್ವಾಸಕೋಶಕ್ಕೋ ಹರಡಿ ಕಾಣಿಸಿಕೊಳ್ಳುವುದುಂಟು. ಉಳಿದಿರೋದು ಒಂದೇ ಕಿಡ್ನಿ ಅಲ್ವಾ? ಬಿಪಿ, ಶುಗರ್ ಹಿಡಿತದಲ್ಲಿರಲಿ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತಂದು ನುಂಗುವ ಅಭ್ಯಾಸವಿದ್ದರೆ ಇವತ್ತೇ ನಿಲ್ಲಿಸಿ.

ಇನ್ನೊಂದು ಮಾತು. ಅವರ ಮುಖ, ಕುತ್ತಿಗೆ ಮೇಲೆ ಬಿಳಿ ಸಣ್ಣ ಗುಳ್ಳೆಗಳು ಬಹಳ ಇವೆಯಾ? ಮನೆಯಲ್ಲಿ ಯಾರಿಗಾದರೂ ಶ್ವಾಸಕೋಶ ಒಡೆದು ಗಾಳಿ ತುಂಬಿಕೊಂಡಿತ್ತಾ? ಹಾಗಿದ್ದರೆ ಬರ್ಟ್-ಹಾಗ್-ಡ್ಯೂಬೆ ಅನ್ನೋ ವಂಶವಾಹಿ ತೊಂದರೆ ಇರಬಹುದು. ಎಫ್‌ಎಲ್‌ಸಿಎನ್ ಜೀನ್ ಪರೀಕ್ಷೆ ಬಗ್ಗೆ ಕೇಳಿ, ಅದು ನಿಮಗೂ ನಿಮ್ಮ ಒಡಹುಟ್ಟಿದವರಿಗೂ ಸಂಬಂಧಿಸಿದ್ದು.

ಸೆಕೆಂಡ್ ಒಪಿನಿಯನ್ ಕೇಳೋದರಲ್ಲಿ ತಪ್ಪೇನಿಲ್ಲ. ಆಂಕೊಸೈಟೋಮಾ ಅನ್ನೋ ಕ್ಯಾನ್ಸರಲ್ಲದ ಗಡ್ಡೆ ನೋಡಲು ಇದರ ಹಾಗೇ ಇರುತ್ತದೆ, ಸಿಕೆ7 ಅನ್ನೋ ಪ್ರೋಟೀನನ್ನು ತೋರಿಸುವ ಸ್ಟೇನ್ (ಬಣ್ಣ) ಹಾಕಿ ಬೇರೆ ಮಾಡಬೇಕಾಗುತ್ತದೆ. ರಿಪೋರ್ಟಿನ ಜೆರಾಕ್ಸ್ ಮಾತ್ರ ಹಿಡಿದು ಹೋಗಬೇಡಿ. ಆಸ್ಪತ್ರೆಯ ಲ್ಯಾಬಿನಲ್ಲಿ ಅರ್ಜಿ ಕೊಟ್ಟು ಸ್ಲೈಡು ಮತ್ತು ಮೇಣದ ಬ್ಲಾಕ್ (ಗಡ್ಡೆಯ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟದ್ದು) ತಗೊಂಡು ಕಿದ್ವಾಯಿಗೋ ಮುಂಬೈನ ಟಾಟಾ ಮೆಮೋರಿಯಲ್‌ಗೋ ತೋರಿಸಿ. ಬ್ಲಾಕನ್ನು ಬಿಸಿಲಲ್ಲಿ, ಕಾರಿನೊಳಗೆ ಬಿಡಬೇಡಿ, ಮೇಣ ಕರಗುತ್ತದೆ.