ಚಾವಣಿಯ ಕಲೆಗೆ ಬಣ್ಣ ಮದ್ದಲ್ಲ

ಪ್ರಶ್ನೆ: ನಮ್ಮದು 18 ವರ್ಷದ ಆರ್‌ಸಿಸಿ ಮನೆ. ಕೋಣೆಯ ಚಾವಣಿಯಲ್ಲಿ ಕಂದು ಅಂಚಿನ ಕಲೆ. ಎರಡು ಸಲ ಪೇಂಟ್ ಹೊಡೆಸಿದರೂ ಮಳೆಗಾಲಕ್ಕೆ ಮತ್ತೆ ಹಾಜರು. ಮೇಲೆ ತಾರಸಿ, ಅಲ್ಲೇ ಸೋಲಾರ್ ಇದೆ. – ಓದುಗರು, ಹಾಸನ

ಉತ್ತರ: ಸದ್ಯಕ್ಕೆ ಪೇಂಟಿನವರನ್ನು ಕರೆಯಬೇಡಿ. ಕಲೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದಿಡಿ. ಮಳೆ ಬಿದ್ದ ಒಂದೆರಡು ದಿನಕ್ಕೆ ಗೆರೆ ದಾಟಿದರೆ ತಾರಸಿಯ ನೀರು. ಬೇಸಿಗೆಯಲ್ಲೂ ದಾಟಿದರೆ ಟ್ಯಾಂಕಿನದೋ ಸೋಲಾರಿನದೋ ಪೈಪು.

ನೀರು ಒಂದು ಕಡೆ ಇಳಿದು ಇನ್ನೊಂದು ಕಡೆ ಜಿನುಗುತ್ತದೆ. ಹಾಗಾಗಿ ಕಲೆಯ ನೆತ್ತಿಯ ಮೇಲಷ್ಟೇ ಹುಡುಕಬೇಡಿ. ಪ್ಯಾರಪೆಟ್ ಗೋಡೆಯ ಬುಡ, ಮಳೆನೀರಿನ ಪೈಪಿನ ಬಾಯಿ, ಮುಖ್ಯವಾಗಿ ಸೋಲಾರ್ ಸ್ಟ್ಯಾಂಡಿನ ಬೋಲ್ಟುಗಳನ್ನು ನೋಡಿ. ಡ್ರಿಲ್ ಮಾಡಿದ ತೂತು ತಾರಸಿಯ ಗಾರೆಯನ್ನು ಸೀಳಿರುತ್ತದೆ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಸ್ಟ್ಯಾಂಡನ್ನು ಭಾರವಾದ ಕಾಂಕ್ರೀಟ್ ಬ್ಲಾಕಿನ ಮೇಲೆ ಬಿಗಿಸುವುದೇ ಸರಿ.

ಖಾತ್ರಿಗೆ, ಅನುಮಾನವಿರುವ ಭಾಗಕ್ಕೆ ಮಾತ್ರ ಸಿಮೆಂಟಿನ ಬದು ಕಟ್ಟಿ ಎರಡು ಇಂಚು ನೀರು 48 ಗಂಟೆ ನಿಲ್ಲಿಸಿ. ಚದರ ಮೀಟರಿಗೆ ಸುಮಾರು 50 ಕಿಲೋ ಭಾರ ಬೀಳುವುದರಿಂದ ಹಳೇ ಮನೆಯಲ್ಲಿ ಇಡೀ ತಾರಸಿ ತುಂಬಿಸಬೇಡಿ. ಚಾವಣಿಯಿಂದ ಚಕ್ಕೆ ಉದುರುತ್ತಿದ್ದರೆ ಈ ಪರೀಕ್ಷೆಯೇ ಬೇಡ.

ರಿಪೇರಿ ಒಣ ದಿನಗಳಲ್ಲಿ. ಬಿರುಕನ್ನು 10 ಮಿ.ಮೀ. ಆಳಕ್ಕೆ ‘ವಿ’ ಆಕಾರದಲ್ಲಿ ಬಿಡಿಸಿ, ದೂಳು ತೆಗೆದು, ಪಾಲಿಮರ್ ಗಾರೆ (ಅಂಟುದ್ರವ ಬೆರೆಸಿದ ಸಿಮೆಂಟ್ ಗಾರೆ) ತುಂಬಿಸಿ. ಪ್ಯಾರಪೆಟ್ ಬುಡದ ಮೂಲೆಯನ್ನು 1:3 ಗಾರೆಯಲ್ಲಿ (ಒಂದು ಪಾಲು ಸಿಮೆಂಟ್, ಮೂರು ಪಾಲು ಮರಳು) ದುಂಡಗೆ ಮಾಡಿಸಿ. ನೀರು ನಿಲ್ಲುವ ಕಡೆ ಎಂಟು ಅಡಿಗೆ ಒಂದಿಂಚು ವಾಟ ಕೊಡಿಸಿ. ವಾಟವಿಲ್ಲದ ತಾರಸಿಗೆ ನೀರು ತಡೆಯುವ ಕೋಟಿಂಗ್ ಎಷ್ಟು ದುಬಾರಿಯದನ್ನು ಹಚ್ಚಿದರೂ ದಂಡ. ಕೋಟಿಂಗ್ ಎರಡು ಸಲ, ಎರಡನೆಯದು ಮೊದಲಿನದಕ್ಕೆ ಅಡ್ಡಡ್ಡ. ಒಳಗಿನ ಪೇಂಟ್ ಚಾವಣಿ ಪೂರ್ತಿ ಒಣಗಿದ ಮೇಲೆ, ವಾರಗಳೇ ಹಿಡಿಯಬಹುದು.

ಕೋಲಿನಿಂದ ಚಾವಣಿಯನ್ನು ಮೆಲ್ಲಗೆ ತಟ್ಟಿ. ಟೊಳ್ಳು ಸದ್ದು ಬಂದರೆ, ನೇರ ಗೆರೆಯಂತೆ ತುಕ್ಕಿನ ಬಣ್ಣ ಕಂಡರೆ, ಕಂಬಿ ತುಕ್ಕು ಹಿಡಿದಿದೆ ಎಂಬ ಗುಮಾನಿ. ತುಕ್ಕು ಉಬ್ಬಿ ಕೆಳಗಿನ ಕಾಂಕ್ರೀಟನ್ನು ತಳ್ಳುತ್ತದೆ. ಮಂಚ ಸರಿಸಿ, ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸಿ. ತುಕ್ಕಿನ ಮೇಲೆಯೇ ಗಾರೆ ಮೆತ್ತಿಸಿದರೆ ಅದೂ ಉದುರುತ್ತದೆ.

ಪ್ರಶ್ನೆ: ಅಪಾರ್ಟ್‌ಮೆಂಟ್. ಮೇಲ್ಮನೆಯ ಬಚ್ಚಲಿನ ಕೆಳಗೆ ವರ್ಷವಿಡೀ ತೇವ. ಅವರು ‘ನಮ್ಮದಲ್ಲ’ ಎನ್ನುತ್ತಾರೆ. – ಓದುಗರು, ಬೆಂಗಳೂರು

ಉತ್ತರ: ಅವರನ್ನು ಒಪ್ಪಿಸಿ, ಬಚ್ಚಲಿನ ನೀರು ಹೋಗುವ ತೂತಿಗೆ ಬಟ್ಟೆ ತುರುಕಿ, ಅಡುಗೆ ಬಣ್ಣ ಕದಡಿದ ನೀರನ್ನು ಒಂದಿಂಚು 24 ಗಂಟೆ ನಿಲ್ಲಿಸಿ. ಬಣ್ಣ ನಿಮ್ಮಲ್ಲಿಗೆ ಇಳಿದರೆ ಟೈಲ್ಸ್ ಸಂದು ಸೋರುತ್ತಿದೆ. ಇಳಿಯದಿದ್ದರೆ ಬಟ್ಟೆ ತೆಗೆದು ಅದೇ ನೀರನ್ನು ಹರಿಯಬಿಡಿ. ಆಗ ಬಣ್ಣ ಕಂಡರೆ ತಪ್ಪು ಟ್ರ್ಯಾಪ್‌ನದು, ಅಂದರೆ ಆ ತೂತಿನ ಕೆಳಗಿನ ಬಾಗಿದ ಪೈಪಿನದು. ಎರಡೂ ಅಲ್ಲ, ಮನೆಗೆ ಬೀಗ ಹಾಕಿದ್ದಾಗಲೂ ಜಿನುಗುತ್ತದೆ ಎಂದಾದರೆ ಗೋಡೆಯೊಳಗಿನ ನಲ್ಲಿ ಪೈಪೇ ಒಡೆದಿರಬೇಕು.