ಯಾವುದರ ಎದುರು ಗಡಸು?

ನಮಸ್ಕಾರ,

ವಸ್ತುಗಳ ಗಡಸುತನದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗ ಇರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ತುಂಬಾ ಒಳ್ಳೆಯದು, ಸುಮ್ನೆ ವಾಪಸ್ ಕಳಿಸಲು ಮನಸ್ಸಾಗಲಿಲ್ಲ.

ತೊಂದರೆ ಇರುವುದು ನಿಮ್ಮ ಮುಖ್ಯ ಮಾತಿನಲ್ಲೇ. 'ವಸ್ತು ಎಷ್ಟು ಗಡಸೋ ಅಷ್ಟು ಬಾಳಿಕೆ' ಎಂದಿದ್ದೀರಿ. ಗೀರಿನ ಮಟ್ಟಿಗೆ ಇದು ಬಹುಪಾಲು ನಿಜ. ಆದರೆ ಯಾವುದರ ಎದುರು ಗಡಸು? ಯಾವುದು ಯಾವುದನ್ನು ಗೀರುತ್ತದೆ ಎಂದು ನೋಡಿ ಖನಿಜಗಳಿಗೆ 1ರಿಂದ 10ರವರೆಗೆ ಅಂಕಿ ಕೊಡುವ ಮೋಸ್ ಮಾಪಕದಲ್ಲಿ ಗಾಜು ಸುಮಾರು 5.5, ಧೂಳಿನಲ್ಲಿರುವ ಬೆಣಚುಕಲ್ಲಿನ ಕಣ 7. ಗಾಜನ್ನು ಒಣಬಟ್ಟೆಯಿಂದ ಒರೆಸಿದಾಗ ಗೀರು ಬೀಳುವುದು ಬಟ್ಟೆಯಿಂದಲ್ಲ, ಆ ಕಣಗಳಿಂದ. ಈ ಎದುರಾಳಿ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ಇನ್ನೊಂದು ತಪ್ಪು. ವಜ್ರ 10, ಮಾಣಿಕ್ಯ 9, ಹಾಗಾಗಿ ವಜ್ರ ಸ್ವಲ್ಪವೇ ಹೆಚ್ಚು ಗಡಸು ಎಂದು ಬರೆದಿದ್ದೀರಿ. ಖನಿಜತಜ್ಞ ಫ್ರೆಡ್ರಿಕ್ ಮೋಸ್ 1812ರಲ್ಲಿ ಜೋಡಿಸಿದ್ದು ಯಾವುದು ಯಾವುದನ್ನು ಗೀರುತ್ತದೆ ಎಂಬ ಕ್ರಮವನ್ನು ಮಾತ್ರ, ಅಂಕಿಗಳ ನಡುವಿನ ಅಂತರ ಸಮವಲ್ಲ. ಮೊನೆ ಒತ್ತಿ ಅಳೆದರೆ ವಜ್ರ ಮಾಣಿಕ್ಯಕ್ಕಿಂತ ಹಲವು ಪಟ್ಟು ಗಡಸು. ಅಷ್ಟಾದರೂ ಸುತ್ತಿಗೆ ಏಟಿಗೆ ಅದು ಸೀಳುತ್ತದೆ. ಗಡಸುತನ ಬೇರೆ, ಏಟು ತಾಳುವ ಗುಣ ಬೇರೆ. ಇದಕ್ಕೆ ನಾಲ್ಕು ಸಾಲು ಸಾಕು.

ಸವೆತಕ್ಕೆ ನೀವು ಕೊಟ್ಟಿರುವುದು ಒಂದೇ ಪ್ಯಾರಾ. ನಿಜವಾದ ಕಥೆ ಇರುವುದೇ ಅಲ್ಲಿ, ಅಲ್ವಾ? ಆರ್ಚರ್ಡ್ ಅವರ 1953ರ ಸೂತ್ರ ಕೊಟ್ಟಿದ್ದೀರಿ: ಭಾರ ಮತ್ತು ಉಜ್ಜಿದ ದೂರ ಹೆಚ್ಚಿದರೆ ಸವೆತ ಜಾಸ್ತಿ, ಗಡಸುತನ ಹೆಚ್ಚಿದರೆ ಕಡಿಮೆ. ಆದರೆ ಅದರಲ್ಲಿರುವ ಗುಣಾಂಕವನ್ನೇ ಬಿಟ್ಟಿದ್ದೀರಿ. ಯಾವ ಎರಡು ವಸ್ತು ಉಜ್ಜುತ್ತಿವೆ, ನಡುವೆ ಎಣ್ಣೆ ಇದೆಯೇ ಎಂಬುದರ ಮೇಲೆ ಅದು ಸಾವಿರಾರು ಪಟ್ಟು ಬದಲಾಗುತ್ತದೆ. ಗಡಸುತನ ಒಂದನ್ನೇ ನಂಬಿದರೆ ಲೆಕ್ಕ ತಪ್ಪುವುದು ಇಲ್ಲೇ.

ಉದಾಹರಣೆಗಳು ಬೇಕಿದ್ದರೆ ಇವನ್ನು ನೋಡಿ. ಉಕ್ಕಿನ ಶಾಫ್ಟ್ ತಿರುಗುವ ಬೇರಿಂಗ್‌ಗೆ ಎಷ್ಟೋ ಕಡೆ ತವರದ ಮೆದು ಮಿಶ್ರಲೋಹದ ಪದರ ಹಾಕುತ್ತಾರೆ. ಅದರ ಹೆಸರು ಬ್ಯಾಬಿಟ್. ಎಣ್ಣೆಯ ಜೊತೆ ಬಂದ ಕಸದ ಕಣ ಆ ಮೆದು ಪದರದೊಳಗೆ ಹೂತುಹೋಗುತ್ತದೆ, ಶಾಫ್ಟ್ ಉಳಿಯುತ್ತದೆ. ಬೇರಿಂಗ್ ಕೂಡ ಗಡಸಾಗಿದ್ದರೆ ಅದೇ ಕಣ ಶಾಫ್ಟನ್ನು ಕೆರೆಯುತ್ತಿತ್ತು. ಮರಳು ಬೆರೆತ ನೀರು ಎತ್ತುವ ಪಂಪುಗಳ ಒಳಗೆ ರಬ್ಬರ್ ಹೊದಿಸುತ್ತಾರೆ. ಸಣ್ಣ ಕಣ ಬಡಿದಾಗ ರಬ್ಬರ್ ತಗ್ಗಿ ಮತ್ತೆ ಏಳುತ್ತದೆ. ಚೂಪಾದ ದೊಡ್ಡ ಕಲ್ಲು ಬಂದರೆ ಮಾತ್ರ ರಬ್ಬರ್ ಹರಿದುಹೋಗುತ್ತದೆ, ಅದನ್ನೂ ಹೇಳಿ. ಇನ್ನು ಕಲ್ಲು ಪುಡಿಮಾಡುವ ಯಂತ್ರದ ದವಡೆಗೆ ಹಾಕುವ ಮ್ಯಾಂಗನೀಸ್ ಉಕ್ಕು. ಮೊದಲು ಅದು ಅಷ್ಟೇನೂ ಗಡಸಲ್ಲ. ಏಟು ಬಿದ್ದಂತೆ ಮೇಲ್ಮೈ ಗಡಸಾಗುತ್ತಾ ಹೋಗುತ್ತದೆ, ಒಳಗೆ ಮಾತ್ರ ಮುರಿಯದ ಗುಣ ಉಳಿಯುತ್ತದೆ. ನನಗೆ ಬಹಳ ಇಷ್ಟವಾದ ಲೋಹ ಇದು.

ಮೊದಲ ಎರಡು ಪ್ಯಾರಾ ತೆಗೆದುಹಾಕಿ. 'ಅದ್ಭುತ', 'ವಿಸ್ಮಯ' ಇವೂ ಬೇಡ. ಬೇರಿಂಗ್‌ನಿಂದಲೇ ಶುರುಮಾಡಿ, ಮೋಸ್ ಆಮೇಲೆ ಬರಲಿ. ಮೋಸ್ ಪಟ್ಟಿಯನ್ನು ಕೊನೆಗೆ ಒಂದು ಚೌಕಟ್ಟಿನಲ್ಲಿ ಹಾಕೋಣ. ತಿದ್ದಿ ಕಳಿಸಿ, ನಾನೇ ಓದುತ್ತೇನೆ.

ಸಂಪಾದಕ