ಬುದ್ಧಿ ಹೇಳುವುದಕ್ಕೆ ಎರಡು ವರ್ಷ ಓದಬೇಕೇ?

ತಿಪಟೂರು ತಾಲ್ಲೂಕಿನ ತಾಯಿಯೊಬ್ಬರು ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಬರೆದಿದ್ದಾರೆ. ಅವರ ಪತ್ರದ ಸಾರ ಇದು: “ಮಗಳು ಸಮಾಜಕಾರ್ಯದ ಪದವಿ ಬಿಎಸ್‌ಡಬ್ಲ್ಯು ಮುಗಿಸಿದ್ದಾಳೆ. ಅದರದೇ ಸ್ನಾತಕೋತ್ತರ ಪದವಿ ಎಂಎಸ್‌ಡಬ್ಲ್ಯು ಸೇರಿ, ಹೈಸ್ಕೂಲು ಕಾಲೇಜಿನ ಮಕ್ಕಳ ನಡುವೆ ಕೆಲಸ ಮಾಡುತ್ತೇನೆ ಎಂದು ಹಟ ಹಿಡಿದಿದ್ದಾಳೆ. ‘ಹುಡುಗರಿಗೆ ಬುದ್ಧಿ ಹೇಳೋದಕ್ಕೆ ಎರಡು ವರ್ಷ ಓದಬೇಕಾ? ಅದನ್ನ ಬಿಡುವಿದ್ದಾಗ ಮಾಡಲಿ, ಹೊಟ್ಟೆಪಾಡಿಗೆ ಎಂಬಿಎ ಮಾಡಿಸು’ ಅಂತಾನೆ ನನ್ನ ತಮ್ಮ. ಯಜಮಾನರು ಬಾಯಿ ಬಿಡುತ್ತಿಲ್ಲ. ಊರ ಮಕ್ಕಳ ಕಷ್ಟವನ್ನೆಲ್ಲ ಇವಳು ತಲೆಗೆ ಹಚ್ಚಿಕೊಂಡರೆ ಇವಳನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನೋದೇ ನನ್ನ ಚಿಂತೆ.”

ತಾಯಿ,

ಓದಿಸಿ. ಯಾಕೆಂದು ಹೇಳುವ ಮೊದಲು ನಿಮ್ಮ ತಮ್ಮನಿಗೆ ಉತ್ತರ ಕೊಡುತ್ತೇನೆ. ಅವರು ಕೇಳಿದ್ದನ್ನೇ ಊರಿನ ಹತ್ತರಲ್ಲಿ ಒಂಬತ್ತು ಜನ ಕೇಳುತ್ತಾರೆ.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044. ಇವರಲ್ಲಿ ಬುದ್ಧಿಮಾತು ಕೇಳದೆ ಬೆಳೆದವರು ಒಬ್ಬರಾದರೂ ಇದ್ದಾರೆಯೇ? ಅಪ್ಪ ಹೇಳಿರುತ್ತಾನೆ, ಮೇಷ್ಟ್ರು ಹೇಳಿರುತ್ತಾರೆ, ಮದುವೆ ಮನೆಯಲ್ಲಿ ಸಿಕ್ಕ ನೆಂಟರೂ ಹೇಳಿರುತ್ತಾರೆ. ಆ ಮಕ್ಕಳಿಗೆ ಸಿಗದೇ ಹೋದದ್ದು ಬೇರೆ.

ಅದೇನೆಂದು ನಾನು ಕಂಡದ್ದು ಒಂದು ತಾಲ್ಲೂಕು ಆಸ್ಪತ್ರೆಯ ಸ್ನೇಹ ಕ್ಲಿನಿಕ್‌ನಲ್ಲಿ. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ 10ರಿಂದ 19 ವರ್ಷದವರಿಗಾಗಿ ಇರುವ ಕೋಣೆ ಅದು. ಲೇಖನವೊಂದಕ್ಕಾಗಿ ಹೋಗಿದ್ದೆ. ಎಂಎಸ್‌ಡಬ್ಲ್ಯು ಮಾಡಿದ ಆಪ್ತಸಮಾಲೋಚಕಿ ಇದ್ದರು. ದ್ವಿತೀಯ ಪಿಯುಸಿಯ ಹುಡುಗನೊಬ್ಬ ಒಳಗೆ ಬಂದದ್ದೇ ನನ್ನನ್ನು ಹೊರಗಿನ ಬೆಂಚಿಗೆ ಕಳಿಸಿ ಬಾಗಿಲು ಮುಂದೆ ಮಾಡಿದರು. ಮುಂದಿನದನ್ನು ಅವರು ಹೇಳಿದ್ದು ಎಷ್ಟೋ ದಿನದ ಮೇಲೆ, ಹುಡುಗನ ಒಪ್ಪಿಗೆ ಪಡೆದು, ಗುರುತು ಹತ್ತದ ಹಾಗೆ.

ಹುಡುಗನಿಗೆ ಹೊಟ್ಟೆನೋವು. ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ. ಈಕೆ ‘ಏನಪ್ಪಾ ಟೆನ್ಷನ್’ ಎಂದು ಕೇಳಲಿಲ್ಲ. ರಾತ್ರಿ ಎಷ್ಟೊತ್ತಿಗೆ ಮಲಗಿದೆ, ಏನು ಉಂಡೆ ಎಂದು ಕೇಳಿದರು. ಮಲಗಿದ್ದು ಎರಡು ಗಂಟೆಗೆ. ಹೈವೇ ಡಾಬಾದಲ್ಲಿ ತಟ್ಟೆ ತೊಳೆದು ಬಂದು. ಸ್ಕಾಲರ್‌ಶಿಪ್ ಬಂದಿಲ್ಲ, ಹಾಸ್ಟೆಲ್ ಸೀಟು ಸಿಕ್ಕಿಲ್ಲ, ಅಟೆಂಡೆನ್ಸ್ ಶಾರ್ಟೇಜು, ಹಾಲ್ ಟಿಕೆಟ್ ಕೊಡುವುದಿಲ್ಲ ಎಂದಿದ್ದಾರೆ. ಮಾತು ಅಲ್ಲಿಗೆ ಮುಟ್ಟಿದಾಗ ಈಕೆ ಸುತ್ತಿ ಬಳಸದೆ ಕೇಳಿದರು: “ಸಾಯಬೇಕು ಅಂತ ಅನ್ನಿಸಿದೆಯಾ?” ಹುಡುಗ ಹೂಂ ಅಂದ.

ನಾವಾಗಿದ್ದರೆ ಆ ಪ್ರಶ್ನೆ ನಾಲಿಗೆಗೆ ಬರುತ್ತಿರಲಿಲ್ಲ. ಇಲ್ಲದ್ದನ್ನು ತಲೆಗೆ ಹಾಕಿದಂತಾದೀತು ಎಂದು ಹೆದರುತ್ತಿದ್ದೆವು. ನೇರವಾಗಿ ಕೇಳಿದರೆ ಅಪಾಯ ಹೆಚ್ಚುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ ಎಂದು ಓದಿನಲ್ಲಿ ಕಲಿಸುತ್ತಾರೆ. ಕೇಳುವ ಧ್ವನಿಯನ್ನೂ, ಹೂಂ ಅಂದ ಮೇಲೆ ಏನು ಮಾಡಬೇಕೆಂಬುದನ್ನೂ ಕಲಿಸುತ್ತಾರೆ. ಈಕೆ ಅವತ್ತೇ ಹುಡುಗನ ಅಪ್ಪನನ್ನು ಕರೆಸಿ, ಮನೆಯಲ್ಲಿದ್ದ ಕ್ರಿಮಿನಾಶಕದ ಡಬ್ಬ ಬೇರೆ ಕಡೆ ಸಾಗಿಸಲು ಹೇಳಿ, ಹುಡುಗನನ್ನು ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿಗೆ ಕಳಿಸಿದರು. ನಂತರದ ವಾರಗಳಲ್ಲಿ ಅವರು ಮಾಡಿದ್ದು ಗುಮಾಸ್ತಿಕೆಯಂತೆ ಕಾಣುವ ಕೆಲಸ. ಸ್ಕಾಲರ್‌ಶಿಪ್ ಯಾಕೆ ನಿಂತಿದೆ ಎಂದು ಹುಡುಕಿದರೆ ಆಧಾರ್ ಲಿಂಕ್ ಆಗಿದ್ದದ್ದು ಯಾವತ್ತೋ ತೆರೆದು ಈಗ ಬಂದ್ ಆಗಿರುವ ಖಾತೆಗೆ. ಬ್ಯಾಂಕಿಗೆ ಅವನ ಜೊತೆ ಹೋಗಿ ಸರಿ ಮಾಡಿಸಿದರು. ಹಿಂದುಳಿದ ವರ್ಗಗಳ ಹಾಸ್ಟೆಲ್ ವಾರ್ಡನ್‌ಗೆ ಫೋನು ಮಾಡಿದರು, ಪ್ರಿನ್ಸಿಪಾಲರ ಮುಂದೆ ಕೂತು ವೈದ್ಯಕೀಯ ಪ್ರಮಾಣಪತ್ರ ಇಟ್ಟು ಮಾತಾಡಿದರು. ಆ ಹುಡುಗ ಪರೀಕ್ಷೆ ಬರೆದ.

ಯುವಜನರ ಕ್ಷೇಮ ಎನ್ನುವ ಮಾತು ನೆಲಕ್ಕಿಳಿದಾಗ ಹೀಗಿರುತ್ತದೆ. ಬ್ಯಾಂಕು, ಹಾಸ್ಟೆಲು, ಡಾಬಾ, ಒಂದು ಭಯಂಕರ ಯೋಚನೆ, ಎಲ್ಲ ಒಂದೇ ಮಗುವಿನ ಒಂದೇ ದಿನದಲ್ಲಿ. ಮಾತ್ರೆಗೆ ಒಬ್ಬರು, ಮಾರ್ಕ್ಸಿಗೆ ಒಬ್ಬರು, ಹಣಕ್ಕೆ ಒಬ್ಬರು ಇದ್ದಾರೆ. ಇಡೀ ಹುಡುಗನನ್ನು ನೋಡುವವರು ಬೇಕಲ್ಲ, ಆ ಜಾಗದಲ್ಲಿ ನಿಮ್ಮ ಮಗಳು ನಿಲ್ಲಬೇಕು ಎನ್ನುತ್ತಿದ್ದಾಳೆ.

ಕಾನೂನಿನ ಮಾತೂ ಇದೆ. ಹದಿನಾರರ ಹುಡುಗಿಯೊಬ್ಬಳು “ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ ಅಕ್ಕಾ” ಎಂದು ಶುರು ಮಾಡುತ್ತಾಳೆ. ಒಳ್ಳೆಯ ಮನಸ್ಸಿನವರು ಆಣೆ ಮಾಡಿಬಿಡುತ್ತಾರೆ. ತರಬೇತಾದವರು ಮಾಡುವುದಿಲ್ಲ. 2012ರ ಪೋಕ್ಸೋ ಕಾಯ್ದೆಯ 19ನೇ ಕಲಮಿನ ಪ್ರಕಾರ 18ರೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು. ಯಾವುದನ್ನು ಗುಟ್ಟಾಗಿ ಇಡಬಲ್ಲೆ, ಯಾವುದನ್ನು ಇಡಲಾರೆ ಎಂದು ಮಗು ಬಾಯಿ ಬಿಡುವ ಮುಂಚೆಯೇ, ಅದು ಬೆದರದ ಹಾಗೆ ಹೇಳಬೇಕು. ಇದಕ್ಕೆ ಎರಡು ವರ್ಷ ಹೆಚ್ಚಾಯಿತು ಎಂದು ನನಗಂತೂ ಅನ್ನಿಸುವುದಿಲ್ಲ.

ಈಗ ಹೊಟ್ಟೆಪಾಡು. ಈ ವಿಷಯದಲ್ಲಿ ನಿಮ್ಮ ತಮ್ಮನ ಆತಂಕ ಸುಳ್ಳಲ್ಲ. ಎಂಎಸ್‌ಡಬ್ಲ್ಯು ತರಗತಿಗಳಲ್ಲೂ ಬಹಳ ಮಕ್ಕಳು ಎಚ್‌ಆರ್ ವಿಷಯ ಆರಿಸಿ ಕಂಪನಿ ಸೇರುತ್ತಾರೆ. ಕಾಯಂ ಸಂಬಳ ಅಲ್ಲಿದೆ. ಮಕ್ಕಳ ಮತ್ತು ಯುವಜನರ ಕಡೆ ಬಂದವರಿಗೆ ಕೆಲಸ ಸಿಗುತ್ತದೆ: ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಮಕ್ಕಳ ಸಹಾಯವಾಣಿ 1098, ಯುವ ಸಬಲೀಕರಣ ಇಲಾಖೆ ಮತ್ತು ನಿಮ್ಹಾನ್ಸ್ ಸೇರಿ ನಡೆಸುವ ಯುವ ಸ್ಪಂದನ ಕೇಂದ್ರಗಳು, ಆಸ್ಪತ್ರೆಗಳು, ಸ್ವಯಂಸೇವಾ ಸಂಸ್ಥೆಗಳು. ಆದರೆ ಇವುಗಳಲ್ಲಿ ಹೆಚ್ಚಿನವು ಗುತ್ತಿಗೆಯವು. ಗೌರವಧನ ತಡವಾಗುತ್ತದೆ, ವರ್ಷಾಂತ್ಯಕ್ಕೆ ಆರ್ಡರ್ ಮತ್ತೆ ಆಗುತ್ತದೋ ಇಲ್ಲವೋ ಎಂದು ಕಾಯಬೇಕು. ಒಂದು ಹುಡುಗಿ ಧೈರ್ಯ ಮಾಡಿ ತನ್ನ ಕಥೆ ಹೇಳಿಕೊಂಡ ಮುಂದಿನ ತಿಂಗಳು ಕೇಳಿಸಿಕೊಂಡಾಕೆಯೇ ಆ ಕುರ್ಚಿಯಲ್ಲಿ ಇಲ್ಲವೆಂದರೆ ಆ ಹುಡುಗಿ ಮತ್ತೊಬ್ಬರ ಬಳಿ ಬಾಯಿ ಬಿಟ್ಟಾಳೆಯೇ? ಈ ಹುದ್ದೆಗಳು ಕಾಯಂ ಆಗಬೇಕು. ಕೇಳಬೇಕಾದ್ದು ನಾವು, ಮಕ್ಕಳನ್ನು ಹೆತ್ತವರು.

ಮುಂದೆ ಬೆಳೆಯಲು ದಾರಿಗಳಿವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರೆಂದು ಗುರುತಿಸುವುದು ಎಂಎಸ್‌ಡಬ್ಲ್ಯು ಮೇಲೆ ಆ ವಿಷಯದಲ್ಲೇ ಎರಡು ವರ್ಷದ ಎಂ.ಫಿಲ್ ಮಾಡಿದವರನ್ನು. ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಹೆಸರಾದ ಜಾಗ. ಎಂ.ಫಿಲ್ ಪದ್ಧತಿಯೇ ಬದಲಾಗುತ್ತಿರುವುದರಿಂದ ಆ ಹೊತ್ತಿಗೆ ವಿಚಾರಿಸಿಕೊಳ್ಳಿ. ಇನ್ನೊಂದು ಸಂಗತಿ ನಿಮ್ಮ ತಮ್ಮನಿಗೆ ತೋರಿಸಿ: ಕಾನೂನಿನೊಡನೆ ಸಂಘರ್ಷಕ್ಕೆ ಬಿದ್ದ ಮಕ್ಕಳ ಪ್ರಕರಣ ಕೇಳುವ ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು ಕೂರುತ್ತಾರೆ, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು ಎನ್ನುತ್ತದೆ 2015ರ ಕಾಯ್ದೆ. ಮಕ್ಕಳ ನಡುವೆ ಏಳು ವರ್ಷ ಕೆಲಸ ಮಾಡಿದ ಅನುಭವ ಆ ಕುರ್ಚಿಗೆ ಅರ್ಹತೆ.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ, ಕ್ಷೇತ್ರಕಾರ್ಯ ನೋಡಿ. ವಾರಕ್ಕೆ ಎಷ್ಟು ದಿನ ಹೊರಗೆ ಕಳಿಸುತ್ತಾರೆ, ಎಲ್ಲಿಗೆ ಕಳಿಸುತ್ತಾರೆ, ಮಕ್ಕಳು ಬರೆದು ತಂದ ವರದಿಯನ್ನು ಮೇಷ್ಟ್ರು ಓದುತ್ತಾರೋ ಬರೀ ಸಹಿ ಹಾಕುತ್ತಾರೋ, ಈಗ ಓದುತ್ತಿರುವ ಹುಡುಗಿಯರನ್ನೇ ಕೇಳಿದರೆ ಗೊತ್ತಾಗುತ್ತದೆ. ಮಂಗಳೂರಿನ ರೋಶನಿ ನಿಲಯ 1960ರಿಂದ ಈ ಓದು ಕಲಿಸುತ್ತಿದೆ. ಹತ್ತಿರದಲ್ಲೇ ಬೇಕೆಂದರೆ ವಿಶ್ವವಿದ್ಯಾಲಯಗಳ ವಿಭಾಗಗಳಿವೆ.

ಇನ್ನು ನಿಮ್ಮ ಚಿಂತೆ. ಪತ್ರದಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಅದೇ. ಈ ಕೆಲಸದಲ್ಲಿ ಮನಸ್ಸು ಭಾರವಾಗುತ್ತದೆ, ಆಗುವುದಿಲ್ಲ ಎಂದು ನಿಮಗೆ ಸುಳ್ಳು ಹೇಳಲಾರೆ. ಆ ಆಪ್ತಸಮಾಲೋಚಕಿ ತಿಂಗಳಿಗೆ ಎರಡು ಸಲ ತಮ್ಮ ಮೇಲ್ವಿಚಾರಕಿಯ ಎದುರು ಕೂತು, ಯಾವ ಪ್ರಕರಣದಲ್ಲಿ ಕೈ ನಡುಗಿತು, ಯಾವುದನ್ನು ಮನೆಗೆ ಹೊತ್ತುಕೊಂಡು ಹೋದೆ ಎಂದು ಹೇಳಿಕೊಳ್ಳುತ್ತಾರೆ. ಅದು ಕೆಲಸದ ಭಾಗವೇ, ಕಚೇರಿ ವೇಳೆಯಲ್ಲೇ ನಡೆಯುತ್ತದೆ. ಹಾಗೆ ಕೂರಿಸಿಕೊಂಡು ಕೇಳುವ ಹಿರಿಯರಿಲ್ಲದ ಕಡೆ ಬೇಗ ಕೆಲಸ ಬಿಟ್ಟವರನ್ನೂ ನೋಡಿದ್ದೇನೆ. ಹಾಗಾಗಿ ಮಗಳು ಎಲ್ಲಿ ಸಂದರ್ಶನಕ್ಕೆ ಹೋದರೂ ಸಂಬಳದ ಜೊತೆಗೆ ಇನ್ನೊಂದನ್ನು ಕೇಳಲಿ: “ನನ್ನ ಕೆಲಸದ ಬಗ್ಗೆ ನನ್ನ ಜೊತೆ ಕೂತು ಮಾತಾಡುವವರು ಯಾರು, ಎಷ್ಟು ದಿನಕ್ಕೊಮ್ಮೆ?” ನೆಟ್ಟಗೆ ಉತ್ತರ ಬಾರದಿದ್ದರೆ ಸಂಬಳ ಚೆನ್ನಾಗಿದ್ದರೂ ಎರಡು ಸಲ ಯೋಚಿಸಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರು ಅವಳು ಬೇರೆಯವರಿಗೆ ಕೊಡುವುದಕ್ಕಷ್ಟೇ ಇರುವುದಲ್ಲ, ಅವಳಿಗೂ ಇದೆ ಎಂದು ಹೇಳಿ. ನಿಮ್ಮ ಯಜಮಾನರಿಗೂ ಈ ಪುಟ ಓದಲು ಕೊಡಿ. ಅವರು ಒಪ್ಪದಿದ್ದರೆ ಯಾಕೆಂದು ಅವರೇ ನನಗೆ ಬರೆಯಲಿ, ಉತ್ತರಿಸುತ್ತೇನೆ.

— ಸಂಪಾದಕ